ಕೊಬ್ಬರಿ ಗೋದಾಮಿಗೊಂದು ಗಾಳಿಕೋವಿ

ಪೊಡಿಯಬ್ಬ ಸಾಹುಕಾರರು ಆರು ಸಾವಿರ ಎಣಿಸಿ ಕೊಟ್ಟರು,
ಜೊತೆಗೊಂದು ಮಾತು: "ವಿಷ ಬೇಡ.
ಕೊಬ್ಬರಿಯ ಅಡಿಯಲ್ಲಿ ಸತ್ತು ನಾರಿದರೆ
ಲೋಡು ಪೂರ್ತಿ ಹೋಯಿತು."

ಹಂಪನಕಟ್ಟೆಯ ಅಂಗಡಿಯಲ್ಲಿ ಲಿಗೋರಿ
ಮೂರನ್ನು ಮೇಜಿನ ಮೇಲೆ ಮಲಗಿಸಿದ.
ಒಂದು ನನ್ನ ಕೈಗೆ ಉದ್ದವಾಯಿತು.
ಇನ್ನೊಂದರ ನಳಿಗೆ ಮಡಚುವಷ್ಟರಲ್ಲಿ
ಇಪ್ಪತ್ತು ವರ್ಷ ಬರೀ ಲೆಕ್ಕ ಬರೆದ ತೋಳು ಸೋತಿತು.
ಮೂರನೆಯದನ್ನು ಎತ್ತಿ, ಬಾರ್‌ಸೋಪು ನಿಲ್ಲಿಸಿ
ಅವನೇ ಹೊಡೆದ:
"ನೋಡಿ, ಎರಡು ಬೆರಳು ಒಳಗೆ.
ಹೆಗ್ಗಣಕ್ಕೆ ಧಾರಾಳ ಸಾಕು ಮಾರಾಯ್ರೆ.
ಕಿವಿಯ ಬುಡಕ್ಕೇ ಬೀಳಬೇಕು, ಅಷ್ಟೆ.
ಹೊಟ್ಟೆಗೆ ಬಿದ್ದರೆ ಓಡಿಹೋಗಿ
ನಿಮ್ಮ ಕೊಬ್ಬರಿಯ ಅಡಿಯಲ್ಲೇ ಸಾಯುತ್ತದೆ."

ಸೋಪಿನ ತೂತಿಗೆ ಕಿರುಬೆರಳಿಟ್ಟೆ.
ತಣ್ಣಗಿತ್ತು.

ಮೊನ್ನೆ ರಾತ್ರಿ ಬಂದರಿನಲ್ಲಿ ಕರೆಂಟು ಬಂದಾಗ
ತಕ್ಕಡಿಯ ಮೇಲೆ ಕೂತಿತ್ತು ಒಂದು,
ಮೀಸೆ ತೀಡುತ್ತ.
ಎಂಟುನೂರ ಐವತ್ತು ಗ್ರಾಂ.
ಅಭ್ಯಾಸಬಲ, ಓದಿಬಿಟ್ಟಿದ್ದೆ.

ಮೂರನೆಯದನ್ನು ಮಡಚಿದೆ. ಸಲೀಸು.
ಒಳಗಿನ ಸ್ಪ್ರಿಂಗು ಮಾತ್ರ ಕಿಚಕ್ ಎಂದಿತು,
ಥೇಟ್ ಅದರ ಹಾಗೆಯೇ.

"ಇದೂ ಕಿರುಚುತ್ತದಲ್ಲ?"
"ಹೊಸತು. ಎರಡು ಹನಿ ಎಣ್ಣೆ ಬಿಡಿ, ಸುಮ್ಮನಾಗುತ್ತದೆ.
ತೆಂಗಿನೆಣ್ಣೆ ಬೇಡ."