ಏನೂ ಮಾಡದ ಚೌಕ

ಮೂವತ್ತೆಂಟು ಡಿಗ್ರಿ ಇಳಿಜಾರು.
ಮೇಡಂ ಅಳೆದು ಹೇಳಿದರು. ನನ್ನ ಮಂಡಿಗೆ ಮೊದಲೇ ಗೊತ್ತಿತ್ತು.
ನುಗ್ಗೇಹಳ್ಳಿ ಕಡೆಯಿಂದ ಬರುವ ಬಸ್ಸಿನವರು
ದೂರದಿಂದ ಇದನ್ನು ಬೆಟ್ಟ ಅನ್ನುತ್ತಾರೆ.
ಬೆಟ್ಟವಲ್ಲ. ಅಪ್ಪ ಸುರಿದದ್ದು.

ಹತ್ತೊಂಬತ್ತು ವರ್ಷ, ಹಗಲು ಪಾಳಿ, ರಾತ್ರಿ ಪಾಳಿ,
ಹಳದಿ ಟಿಪ್ಪರನ್ನು ಹಿಂದಕ್ಕೆ ತಂದು ಅಂಚಿಗೆ ನಿಲ್ಲಿಸಿ
ಲಿವರ್ ಎಳೆದರೆ
ಕ್ರೋಮೈಟು ಆರಿಸಿ ಉಳಿದ ಹಸಿರುಗಪ್ಪು ಕಲ್ಲು
ಗಡಗಡ ಇಳಿದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು.
ಹಾಗೆ ನಿಂತ ಓರೆಯೇ ಈ ಮೂವತ್ತೆಂಟು.

ಹನ್ನೆರಡು ಚೌಕ ಕಟ್ಟಿದೆವು,
ನೀಲಿ ನೈಲಾನ್ ದಾರ, ಮೂಲೆಗೊಂದು ಕಬ್ಬಿಣದ ಗೂಟ.
ಒಂದಕ್ಕೆ ತೆಂಗಿನ ನಾರಿನ ಚಾಪೆ, ತಿಪಟೂರಿಂದ ತಂದದ್ದು.
ಒಂದಕ್ಕೆ ಸೆಣಬಿನ ಬಲೆ, ಅದರಡಿ ಕೆರೆಗೋಡು.
ಸಗಣಿ ಬಗ್ಗಡದಲ್ಲಿ ಬಂದರೆ ಬೀಜ ಕಲಸಿ
ಬಕೆಟ್ಟಿನಿಂದ ಎರಚಿದ್ದೊಂದು; ಅರ್ಧ ನನ್ನ ಸೀರೆಗೇ.
ಅಡ್ಡಸಾಲಿಗೆ ಲಾವಂಚ.
ಅರ್ಧಚಂದ್ರದ ಗುಂಡಿ ತೋಡುವಾಗ ಹಾರೆಯ ತುದಿಗೆ ಕಿಡಿ.

ಹನ್ನೆರಡನೆಯದಕ್ಕೆ ಏನೂ ಇಲ್ಲ.
"ಏನೂ ಮಾಡಬೇಡ" ಅಂದರು ಸಬೀಹಾ ಮೇಡಂ,
"ಮಿಕ್ಕವನ್ನು ಯಾವುದರ ಪಕ್ಕ ಇಟ್ಟು ನೋಡೋದು ಮತ್ತೆ?"
ಏನೂ ಮಾಡದ್ದನ್ನು ಕಾಯುವುದಕ್ಕೂ
ನನಗೆ ದಿನಗೂಲಿ.

ಮಧ್ಯಾಹ್ನ ಎರಡಕ್ಕೆ ಕಲ್ಲಿನ ಸಂದಿಯಲ್ಲಿ ಥರ್ಮಾಮೀಟರ್: ಐವತ್ತಾರು.
ಅಪ್ಪನ ಕ್ಯಾಬಿನ್ನಿನಲ್ಲೂ ಹೀಗೇ ಇತ್ತೇನೋ. ಕೇಳಿಲ್ಲ.
ಈ ಮಣ್ಣಿನ ನಿಕ್ಕಲ್ಲು ಬೇರನ್ನು ಮೊಂಡು ಮಾಡುತ್ತದಂತೆ,
ಸುಣ್ಣ ಸಾಲದಂತೆ. ಅದೆಲ್ಲ ಮೇಡಂ ಬರೆಯುತ್ತಾರೆ.
ನಾನು ಬರೆಯುವುದು
ಹುಟ್ಟಿದ್ದೆಷ್ಟು, ಉಳಿದದ್ದೆಷ್ಟು.

ಜೂನ್ ಹದಿನೇಳು, ನಾರಿನ ಚಾಪೆ: ಇನ್ನೂರ ಹನ್ನೊಂದು.
ಜುಲೈ ಕೊನೆಗೆ ಎಂಬತ್ತು.
ಆಗಸ್ಟ್ ನಾಲ್ಕರ ರಾತ್ರಿ, ಒಂದೇ ಮಳೆಗೆ,
ಸೆಣಬಿನ ಬಲೆ ತುರುಬು ಬಿಚ್ಚಿದ ಹಾಗೆ ಬಿಚ್ಚಿಕೊಂಡು
ಕೆಳಗಿನ ಚರಂಡಿಗೆ. ಬೀಜ, ಗೋಡು, ಗೂಟ ಸಮೇತ.
ಸೊನ್ನೆ.
ಸೊನ್ನೆಯನ್ನು ಗುಂಡಗೆ ಬರೆಯಬೇಕು, ಗೀಟೆಳೆಯಬಾರದು.
ಗೀಟು ಅಂದರೆ ನೋಡಲಿಲ್ಲ ಅಂತ.
ಸೊನ್ನೆ ಅಂದರೆ ಹೋಗಿ, ಕೂತು, ನೋಡಿ ಬಂದೆ ಅಂತ.

ಅಪ್ಪ ಒಮ್ಮೆ ಮೊಪೆಡ್ಡಿನಲ್ಲಿ ಬಂದ.
ಇಳಿಯದೆ ಒಂದು ಕಾಲೂರಿ ಮೇಲೆ ನೋಡಿದ.
"ಇಲ್ಲಿ ನಿಲ್ಲಾಕಿಲ್ಲ. ಇದು ಕೊನೇ ವರ್ಷದ ಲೋಡು,
ಮ್ಯಾಲೆ ಪುಡಿ, ಒಳಗೆ ತಲೆಗಾತ್ರದ ಕಲ್ಲು, ನೀರೆಲ್ಲ ಸೋರೋಯ್ತದೆ.
ಆ ಮಗ್ಗುಲು ತೊಂಬತ್ತೆರಡರದ್ದು. ಅಲ್ಲಿ ಮಣ್ಣೈತೆ.
ಹಾಕೋದಾದ್ರೆ ಅಲ್ಲಾಕ್ರವ್ವ."
ಮೇಡಂ ಪೆನ್ನು ತೆಗೆದರು.
ಅಪ್ಪನ ಮಾತನ್ನು ಯಾರಾದರೂ ಬರೆದುಕೊಂಡದ್ದು
ನಾನು ಕಂಡಂತೆ ಅವತ್ತೇ ಮೊದಲು.
ಹೆಸರೇನು ಅಂತಲೂ ಕೇಳಿದರು.
"ಚಿಕ್ಕರಂಗಯ್ಯ, ಟಿಪ್ಪರ್ ನಂಬರ್ ಏಳು" ಅಂದ.

ಅಕ್ಟೋಬರಿನಲ್ಲಿ ಸಣ್ಣೀರಮ್ಮನ ಮೇಕೆಗಳು
ದಾರ ಹಾರಿ ಹನ್ನೆರಡನೆಯ ಚೌಕ ತುಳಿದವು.
ಬೈದೆ. ಅವಳೂ ಬಿಡಲಿಲ್ಲ:
"ಏನೂ ಇಲ್ದಿರೋ ತಾವ ಏನವ್ವ ತಿಂದಾವು?"
ಎರಡು ವಾರ ಬಿಟ್ಟು ನೋಡಿದರೆ
ಗೊರಸು ಊರಿದ ಕುಳಿ, ಕುಳಿಯಲ್ಲಿ ಹಿಕ್ಕೆ,
ಹಿಕ್ಕೆಯ ಮಗ್ಗುಲಿಗೆ ಮೂರು ಮೊಳಕೆ.
ಬಳ್ಳಾರಿ ಜಾಲಿ. ಯಾರಿಗೂ ಬೇಡದ್ದು.
"ಪರೀಕ್ಷೆ ಕೆಟ್ಟಿತು" ಅಂತ ಮೇಡಂ ತಲೆ ಹಿಡಿದು ಕೂತರು,
ಆಮೇಲೆ ಕನ್ನಡಕ ಮೇಲೇರಿಸಿ ಕುಳಿಯ ಆಳ ಅಳೆದರು.

ಮುಂದಿನ ವರ್ಷದ ಪಟ್ಟಿಯಲ್ಲಿ
ಹದಿಮೂರನೆಯ ಚೌಕ: ಮೇಕೆ.
ಸಣ್ಣೀರಮ್ಮ ಕೂಲಿ ಕೇಳುತ್ತಿದ್ದಾಳೆ, ತಲೆಗಿಷ್ಟು ಅಂತ.

ಇವತ್ತು ನೋಡಿದೆ, ಮೂರರಲ್ಲಿ ಎರಡು.
ಬರೆದೆ. ಇಳಿಯುವಾಗ ಕಾಲಡಿಯ ಒಂದು ಕಲ್ಲು ಕಿತ್ತು
ಉರುಳಿತು, ಇನ್ನೆರಡನ್ನು ಎಬ್ಬಿಸಿಕೊಂಡು ಓಡಿತು,
ಲಾವಂಚದ ಎರಡನೇ ಸಾಲಿಗೆ ತಗುಲಿ ಸುಮ್ಮನಾಯಿತು.
ಅಷ್ಟಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲ.