ಮಂಡಕ್ಕಿ ಚೀಲ

ಹಾಸ್ಟೆಲಿಗೆ ಹೊಸದಾಗಿ ಬಂದವರು ಒಂಬತ್ತು ಜನ.
ಟ್ರಂಕುಗಳ ಮೇಲೆ ಬಿಳಿ ಬಣ್ಣದಲ್ಲಿ ಊರುಗಳು:
ಜಗಳೂರು, ನ್ಯಾಮತಿ, ಮೊಳಕಾಲ್ಮೂರು...
ಒಂದರ ಮೇಲೆ ಮಾತ್ರ ಅಪ್ಪನ ಹೆಸರು,
ಅಳಿಸಿಹೋದ ರೆಜಿಮೆಂಟಿನ ನಂಬರು.

ವಾರ್ಡನ್ನರು ನನ್ನ ಕೈಗೆ ಹಾಳೆ ಕೊಟ್ಟರು:
"ತಂಡ ಕಟ್ಟುವುದು, ಗುರಿ ಇಟ್ಟುಕೊಳ್ಳುವುದು. ಸಂಜೆ ಐದರಿಂದ ಆರು."
ಕೆಳಗೆ ಪೆನ್ಸಿಲಿನಲ್ಲಿ, ಸಣ್ಣಗೆ:
"ಹೋದ ವರ್ಷದ ಹಾಗೆ ಆಗಬಾರದು."

ಹೋದ ವರ್ಷ ಏನಾಯಿತೆಂದು ನನ್ನ ಎಡಗಾಲಿಗೆ ಗೊತ್ತು.
ನಮ್ಮದೇ ತಾರಸಿ, ನೀರಿನ ಟ್ಯಾಂಕಿನ ಪಕ್ಕ,
ರಾತ್ರಿ ಎರಡರವರೆಗೆ ಒಂಟಿಕಾಲಲ್ಲಿ ನಿಂತು
ಅಣ್ಣಂದಿರ ಹೆಸರುಗಳನ್ನು ಒಪ್ಪಿಸಿದ್ದೆ,
ಕೊನೆಯಿಂದ ಮೊದಲಿಗೆ.
ತಪ್ಪಿದರೆ ಮತ್ತೆ ಕೊನೆಯಿಂದ.
ಅದನ್ನೂ ಅವರು ಅಣ್ಣತಮ್ಮಂದಿರ ಬಳಗ ಅಂತಲೇ ಕರೆದಿದ್ದರು.

ಹಾಳೆ ಮಡಚಿ ಜೇಬಿಗಿಟ್ಟೆ.
ಒಂಬತ್ತೂ ಜನರನ್ನು ಭಟ್ಟಿಯ ಓಣಿಗೆ ಕರೆದೊಯ್ದೆ.
ಕಾದ ಮರಳಿನ ವಾಸನೆ, ಕಣ್ಣುರಿಸುವ ಹೊಗೆ.
ದಾವಣಗೆರೆಯ ಅಷ್ಟೂ ಮಸಿ ಆ ಗೋಡೆಗಳಿಗೇ ಬಳಿದ ಹಾಗೆ;
ಒಳಗಿನಿಂದ ಬರುವ ಅಕ್ಕಿ ಮಾತ್ರ ಬೆಳ್ಳಗೆ, ಮೈ ಉಬ್ಬಿಸಿಕೊಂಡು.
ಮಾಬೂಬಿ ಚೀಲದ ಬಾಯಿ ಹೊಲಿದು ಹೊರಗೆ ಉರುಳಿಸಿದರು:
ಆಳಿಗಿಂತ ಎತ್ತರ, ಮೇದು ಮಲಗಿದ ಎಮ್ಮೆಯ ಹೊಟ್ಟೆ.

"ಇದು ನಮ್ಮ ತಾರಸಿಗೆ ಹೋಗಬೇಕು. ಇವತ್ತಿನ ಪಾಠ ಇಷ್ಟೇ" ಎಂದೆ.

ಗಾದ್ರಿಪಾಲ ನಕ್ಕ. ಶೇಂಗಾ ಮೂಟೆ ಹೊತ್ತ ಬೆನ್ನು ಅವನದು.
"ಬರೇ ಗಾಳಿ ಐತಲ್ಲಣ್ಣ ಒಳಗೆ!" ಎಂದು ತಬ್ಬಿದ.
ತೋಳು ಅರ್ಧಕ್ಕೇ ಮುಗಿಯಿತು.
ಭಾರವೇ ಇಲ್ಲ, ಆದರೆ ಹಿಡಿಯಲು ಎಲ್ಲೂ ತುದಿಯಿಲ್ಲ.
ಎಳೆದರೆ ಹರಿಯುತ್ತದೆ, ಒತ್ತಿದರೆ ಒಳಗೆಲ್ಲ ಪುಡಿ.
(ಭಟ್ಟಿಯವರು ಒಬ್ಬೊಬ್ಬರೇ ಹೊರುತ್ತಾರೆ, ನಿಜ.
ಅವರಿಗೆ ಕುತ್ತಿಗೆಯಲ್ಲೂ ಕಣ್ಣಿವೆ.)

ರಸ್ತೆಯಲ್ಲಿ ಆಟೋದವನು ಬೈದ. ಒಂದು ಕರು ಹಿಂದೆ ಬಿತ್ತು.
ಮುಂದಿದ್ದ ಹಾಲೇಶನಿಗೆ ಹಿಂದಿನವರು ಕಾಣರು,
ಹಿಂದಿದ್ದ ಪಾಲಯ್ಯನಿಗೆ ಊರೇ ಕಾಣದು.
ಕಾಣದವರೆಲ್ಲ ಕೂಗಿ ಕೂಗಿ ನಡೆದರು:
ತಡಿಯಪ್ಪ, ಎಡಕ್ಕೆ, ಗುಂಡಿ ಐತೆ, ಲೇ, ನಿಧಾನ!
ಸೊಂಟದ ಬೆಲ್ಟು ಜಾರಿದವನಿಗೆ
ಬೇರೆ ಯಾರೋ ಎಳೆದು ಬಿಗಿದರು.

ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಬಿತ್ತು.
ಹತ್ತು ನಿಮಿಷ. ಇಪ್ಪತ್ತು ಕೈ. ಒಬ್ಬನಿಗೆ ಒಂದು ಉಪಾಯ.
ಬಂದ ದಿನದಿಂದ ಬಾಯಿಯೇ ಬಿಡದ ಜಬೀವುಲ್ಲಾ
ಅಷ್ಟರಲ್ಲಿ ಕೆಳಗಿನಿಂದ:
"ಮಲಗಿಸಬ್ಯಾಡ್ರಿ, ನಿಲ್ಲಿಸ್ರಿ. ಬುಡ ಎತ್ತಿ ತಿರುವ್ರಿ.
ನಮ್ಮಪ್ಪ ಗಾದಿ ಹೊಲೀತಾರೆ, ಹಿಂಗೇ ಹತ್ತಸ್ತೀವಿ."
ತಿರುಗಿತು.
ಮೂಲೆ ಹರಿದು ಸುರಿದದ್ದನ್ನು ಇರುವೆಗೆ ಬಿಟ್ಟೆವು.

ಆಮೇಲೆ ಗುರಿ.
ಹಾಳೆಯಲ್ಲಿ ಅಚ್ಚಾಗಿತ್ತು: "ಐದು ವರ್ಷದಲ್ಲಿ ನಾನು."
ಅದನ್ನು ಹೊಡೆದುಹಾಕಿಸಿದೆ.
"ಶನಿವಾರದೊಳಗೆ ನಾನು" ಎಂದು ಬರೆಯಿರಿ ಎಂದೆ.

ಹಾಲೇಶ: ಗಣಿತದ ಮೇಷ್ಟ್ರಿಗೆ ಒಂದು ಡೌಟು ಕೇಳುವುದು.
ಪಾಲಯ್ಯ: ಮೆಸ್ಸಿನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದು.
ಗಾದ್ರಿಪಾಲ: ದಾರಿ ಕೇಳದೆ ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಬರುವುದು.
ಸೈನಿಕನ ಮಗ "ಅಳದೆ ಮಲಗುವುದು" ಎಂದು ಬರೆದು,
ಗೀಚಿ, ಮೇಲೆ "ಬೇಗ ಮಲಗುವುದು" ಎಂದು ತಿದ್ದಿದ್ದ.
ನಾನು ತಿದ್ದಿದ್ದನ್ನಷ್ಟೇ ಓದಿದೆ.

ಜಬೀವುಲ್ಲಾನ ಹಾಳೆ ಖಾಲಿ.
"ನಂದು ಮೆಟ್ಟಿಲಲ್ಲೇ ಮುಗೀತಣ್ಣ" ಎಂದ.

ಅವೇ ಹಾಳೆಗಳನ್ನು ಸುತ್ತಿ ಪೊಟ್ಟಣ ಮಾಡಿದೆವು.
ಮಂಡಕ್ಕಿ, ಈರುಳ್ಳಿ, ಬಿಸಿ ಮೆಣಸಿನಕಾಯಿ ಬಜ್ಜಿ.
ಎಣ್ಣೆ ಇಳಿದು ಅಕ್ಷರಗಳು ಹೊರಮೈಗೆ ಮೂಡಿದವು,
ಕನ್ನಡಿಯಲ್ಲಿ ಕಂಡಂತೆ, ತಿರುಗುಮುರುಗಾಗಿ.
ಯಾರ ಪೊಟ್ಟಣ ಯಾರ ಕೈಯಲ್ಲೋ.

ಆರಕ್ಕೆ ಮುಗಿಯಬೇಕಿತ್ತು. ಒಂಬತ್ತಾಗಿತ್ತು.
ನಾನು ಟ್ಯಾಂಕಿಗೆ ಒರಗಿ ನೋಡುತ್ತಿದ್ದೆ.
"ಯಾಕಣ್ಣ, ಒಂಟಿಕಾಲಲ್ಲಿ ನಿಂತಿದ್ದೀಯ?"
ಪಾಲಯ್ಯ ಕೇಳಿದ, ಬಾಯಿ ತುಂಬ ಮಂಡಕ್ಕಿ.
"ಅಭ್ಯಾಸ" ಎಂದೆ.
ಇನ್ನೊಂದನ್ನೂ ನೆಲಕ್ಕೆ ಊರಿದೆ.