ಕಾಜಾ, ಗುಂಡಿ

ಸೊಲ್ಲಾಪುರದ ಟೆಂಪೊ ಬರೂದು ಸೋಮವಾರ, ಗುರುವಾರ.
ಮೈಂದರ್ಗಿಯ ನಮ್ಮ ಓಣ್ಯಾಗ ಒಂಬತ್ತು ಮನಿ,
ಮನಿಗೊಂದು ಗಂಟು.
ಅಂಗಿ ಹೊಲಿದಿದ್ದು ಅಲ್ಲಿಂದ ಬರತದ,
ಕಾಜಾ ಹೆಣೆದು ಗುಂಡಿ ಹಚ್ಚೂದು ನಮ್ಮ ಪಾಲು.
ಎದಿಗೆ ಏಳು, ಕಿಸೆಕ್ಕ ಎರಡು, ತೋಳಿಗೆ ಎರಡು.

ಮೊದಲ ಸಾಲಿ ಹುಡುಗರವು ಬರತಿದ್ದವು,
ನೀಲಿ, ಬಿಳಿ, ಚೌಕಡಿ.
ಶ್ರಾವಣದಾಗ ಮಣ್ಣಿನ ಬಣ್ಣದ್ದು ಬಂದವು,
ಕೊಳತ ಎಲಿ ಬಿದ್ದಂಗ ಮೈತುಂಬ ಕಲಿ.
‘ಯಾರ ದಂಡಿಗೆ, ಸೇಠ?’ ಅಂದೆ.
ಅಂಬಾದಾಸ ಸೇಠ ರಶೀದಿಯಿಂದ ತಲಿ ಎತ್ತಲಿಲ್ಲ:
‘ನಮ್ಮದಲ್ಲ ಬಾಯಿ, ಸಮುದ್ರದ ಆಚಿಯವರದು.
ಡಜನ್ನಿಗೆ ಆರು ರೂಪಾಯಿ ಹೆಚ್ಚು, ಸಾಕಲ್ಲ?’

ಸಾಕಾಗಿತ್ತು.

ಚಾದಂಗಡ್ಯಾಗ ಟಿವಿ. ಊರ ಗಂಡಸರು ಎರಡು ಪಾಳಿ.
ಒಂದು ಊರು ಉರದರ ಈ ಪಾಳಿ ಸೀಟಿ ಹೊಡೀತದ,
ಇನ್ನೊಂದು ಉರದರ ಆ ಪಾಳಿ.
ಆ ಊರುಗಳ ಹೆಸರು ಯಾರ ನಾಲಗ್ಯಾಗೂ ಹೊಳ್ಳಂಗಿಲ್ಲ.
ರೇವಣಸಿದ್ಧ ಮಾಸ್ತರರು ಹೇಳಿದರು,
‘ಲಡಾಯಿ ಅಂದಮ್ಯಾಲ ಅಷ್ಟು ಸಾವು ಇರೂದೇ.’
ಅಷ್ಟು ಅನ್ನುವಾಗ ತಂಬಾಕು ತಿಕ್ಕುತಿದ್ದರು,
ಮಾತು ಮುಗದ ಮ್ಯಾಲ
ಅಂಗೈಯಾಗ ಉಳದ ಧೂಳ ಊದಿದರು.

ಮಗ ಚನ್ನವೀರ ಹತ್ತನೇತ್ತೆ.
ಪಾಟಿ ಮ್ಯಾಲ ಬರದು ತೋರಿಸಿದ:
‘ಅವ್ವಾ, ಅಂಗೀದೂ ಗುಂಡಿ, ನೆಲದಾಗ ತೋಡಿದ್ದೂ ಗುಂಡಿ.
ಗುಡಿಸು ತಗದು ಕೊಂಬು ಕೊಟ್ಟರ
ನೋಡು, ಗುಂಡು!’
ಅಕ್ಷರದ ಆಟ, ಅವಗ ನಗಿ.
ನಾನೂ ನಕ್ಕೆ. ಬಾಯಾಗ ಸೂಜಿ ಇತ್ತು.

ಕಾಲರಿನ ಕೆಳಗ ಸಣ್ಣ ಚೀಟಿ, ಅದರಾಗ ಅಳತಿ.
ದಸರೆಕ್ಕ ನಲವತ್ತೆರಡು, ನಲವತ್ತು.
ದೀಪಾವಳಿ ಹೊತ್ತಿಗೆ ಮೂವತ್ತೆಂಟು.
ಸಂಕ್ರಾಂತಿ ದಾಟಿತು, ಮೂವತ್ನಾಕು.
‘ಆ ಕಡಿ ಮಂದಿ ಕುಳ್ಳರಾಗ್ಯಾರೇನ?’
ಗೌರಾಬಾಯಿ ನಕ್ಕಳು.
ಯಾರೂ ಉತ್ತರ ಕೊಡಲಿಲ್ಲ.
ಸೂಜಿ ಅಷ್ಟ ಹೋಗಿ ಬರತಿತ್ತು.

ಅವತ್ತ ರಾತ್ರಿ ಚನ್ನವೀರ ಅಭ್ಯಾಸ ಬಿಟ್ಟು ಬಂದು
ಒಂದು ಅಂಗಿ ತೊಟ್ಟ.
ಭುಜ ಸರಿ, ತೋಳು ಸರಿ,
ಎದುರು ನಿಂದ್ರಿಸಿ ಅಳತಿ ತಗೊಂಡಂಗ.
ಕನ್ನಡಿಗೆ ಸಲಾಮು ಹೊಡದು
‘ಫೋಟೊ ತಗಿ’ ಅಂದ.
ನಾ ಗುಂಡಿ ಬಿಚ್ಚಾಕ ಹತ್ತಿದೆ, ಮ್ಯಾಲಿಂದ ಕೆಳಗ.
ಬಿಗಿ ಕಾಜಾ. ನಾನ ಹೆಣೆದದ್ದು.
ಲಗೂನ ಬಿಡಲಿಲ್ಲ.

ಮರುದಿನ ಅದನ್ನ ಮಡಚಿ ಗಂಟಿನಾಗ ಇಟ್ಟೆ.
ಇಡದ ಏನ ಮಾಡಲಿ ಅಂತ ನಿಮ್ಮನ್ನ ಕೇಳಂಗಿಲ್ಲ.
ಏನರ ಮಾಡಬಹುದಿತ್ತು.
ಒಂದು ಗುಂಡಿ ಹಚ್ಚದ ಬಿಡಬಹುದಿತ್ತು,
ಸೇಠ ಬೈತಿದ್ದ, ಅಷ್ಟ.
ಬಿಡಲಿಲ್ಲ. ಎರಡು ಸುತ್ತು ದಾರ ಹೆಚ್ಚು ಸುತ್ತಿದೆ,
ಚಳಿ ಹೋಗಬಾರದು ಅಂತ,
ಯಾರದೋ ಎದಿಯೊಳಗ.
ಅದಕ್ಕ ಪುಣ್ಯ ಅನ್ನಬೇಕೋ ಏನನ್ನಬೇಕೋ.

ಆ ರೊಕ್ಕದಾಗ ಜ್ವಾಳದ ಚೀಲ ಬಂತು.
ಸೈಕಲ್ಲಿನ ಕಂತು ನಾಕು ಕಟ್ಟಿದೆ,
ಒಂದು ಉಳದಿತ್ತು.

ಹೋಳಿ ಹುಣ್ಣಿಮಿ ಆದ ವಾರ ಟೆಂಪೊ ಬರಲಿಲ್ಲ.
ಗುರುವಾರನೂ ಇಲ್ಲ.
ಫೋನಿನಾಗ ಸೇಠ: ‘ಆರ್ಡರ್ ಬಂದ್.’
ಲಡಾಯಿ ನಿಂತಿತೋ,
ತೊಡೂ ಹುಡುಗರು ಮುಗದರೋ,
ಅವಗೂ ಗೊತ್ತಿಲ್ಲ.
ಚಾದಂಗಡ್ಯಾಗ ಆಗಲೇ ಕ್ರಿಕೆಟ್ಟು ಹಚ್ಚಿದ್ದರು,
ಪಾಳಿ ಅವೇ, ಸೀಟಿ ಅದೇ.

ಒಂಬತ್ತು ಮಂದಿ ಕಟ್ಟಿ ಮ್ಯಾಲ ಕುಂತಿದ್ದಿವಿ,
ಉಡ್ಯಾಗ ಖಾಲಿ ಕೈ.
‘ಇನ್ನೊಂದು ತಿಂಗಳು ನಡದಿದ್ದರ...’
ಅಂತೊಂದು ದನಿ ಬಂತು.
ಗೌರಾಬಾಯಿ ತಿರುಗಿದಳು. ಎಲ್ಲರೂ ತಿರುಗಿದರು.
ನಾನೂ ತಿರುಗಬೇಕಂದೆ,
ಯಾವ ಕಡಿ ಅಂತ ತಿಳೀಲಿಲ್ಲ.
ದಾರ ಕಡದ ಹಲ್ಲಿನಾಗ
ಮಣ್ಣಿನ ಬಣ್ಣ ಇನ್ನೂ ಇತ್ತು.